ಡಾರ್ಕಸ್ ಅಜ್ಜಿಯ ಬಿಳಿ ದುಪ್ಪಟಿ

ಆ ಬೆಳಿಗ್ಗೆ ಗಾಳಿ ಸತ್ತುಹೋಗಿತ್ತು. ಮ್ಯಾಂಚೆಸ್ಟರಿನ ಗಿರಣಿಗಳು ಉಗುಳಿದ ಹೊಗೆ ಮೇಲೇಳಲಾರದೆ, ಸೋತ ದನದ ಹಾಗೆ ನಮ್ಮ ವಠಾರದೊಳಗೇ ಬಂದು ಮಲಗಿತ್ತು. ಎದುರು ಮನೆಯ ಬಾಗಿಲು ಕಾಣಿಸುತ್ತಿರಲಿಲ್ಲ. ಅಲ್ಲಿ ಕೆಮ್ಮಿದವರು ಯಾರೆಂದಷ್ಟೇ ತಿಳಿಯುತ್ತಿತ್ತು. ಆ ಮಬ್ಬಿನೊಳಗಿಂದ ಮಸಿ ಬೀಳುತ್ತಿತ್ತು, ಸದ್ದಿಲ್ಲದೆ, ಮೇಲೆ ಯಾರೋ ಕೂತು ಹಿಟ್ಟು ಜರಡಿ ಹಿಡಿದ ಹಾಗೆ.

ಗಿರಣಿಯ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಎಂಟ್ವಿಸಲ್ ಮನೆಯ ನಾಲ್ಕು ಜನರೂ ಓಟ್ಸ್ ಗಂಜಿಯ ಮುಂದೆ ಕೂತಿದ್ದರು: ಮುದುಕಿ ಡಾರ್ಕಸ್, ಅವಳ ಮಗ ಈನಕ್, ಸೊಸೆ ಕೆಜಾಯ, ಮೊಮ್ಮಗಳು ಸಲೀನಾ. ಈನಕ್ ಗಿರಣಿಯ ಬಾಯ್ಲರಿಗೆ ಕಲ್ಲಿದ್ದಲು ಎತ್ತಿಹಾಕುವವನು. ಕೆಜಾಯ ಉಗಿಮಗ್ಗಗಳ ಮುಂದೆ ನಿಲ್ಲುವವಳು. ಹದಿನಾಲ್ಕು ತುಂಬಿದ ಸಲೀನಾ ಹತ್ತಿ ಹಿಂಜುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ನಮ್ಮ ವಠಾರದ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತವು. ನಡುವೆ ಇರುವುದು ಒಂದೇ ಇಟ್ಟಿಗೆಯ ಗೋಡೆ. ಕೇಳಬಾರದೆಂದರೂ ಕೇಳಿಸುತ್ತದೆ. ಆದ್ದರಿಂದ ಒಬ್ಬರ ಮನೆಯ ಜಗಳ ಇನ್ನೊಬ್ಬರಿಗೆ ಗುಟ್ಟಲ್ಲ.

ಬಾಗಿಲಲ್ಲಿ ಯಾರೋ ನಿಂತರು. ಅಂಗಳದಾಚೆಯ ನೆಲಮಾಳಿಗೆಯಲ್ಲಿದ್ದ ಐರಿಷ್ ಹೆಂಗಸು ಹನೋರಾ. ಶಾಲಿನ ಮೇಲೆಲ್ಲ ಮಸಿ ಕೂತಿತ್ತು. ಅವಳು ಹೊಸಿಲು ದಾಟಲಿಲ್ಲ.

"ಅಜ್ಜೀ, ದುಪ್ಪಟಿ ಬೇಕಾಗಿತ್ತು."

ಸಲೀನಾಳ ಕೈಯಿಂದ ಚಮಚ ಜಾರಿತು. "ಬ್ರೈಡಿಗಾ?" ಎಂದಳು.

ಹನೋರಾ ತಲೆಯಾಡಿಸಿದಳು. ಬ್ರೈಡಿ ಅವಳ ಒಬ್ಬಳೇ ಮಗಳು. ಗಿರಣಿಯಲ್ಲಿ ಸಲೀನಾಳ ಪಕ್ಕದ ಯಂತ್ರ ಅವಳದು.

ನಮ್ಮಲ್ಲಿ ಸಾವಿನ ಮನೆಯವರು ಡಾರ್ಕಸ್ ಅಜ್ಜಿಯ ಬಾಗಿಲಿಗೆ ಬಂದು ಇಷ್ಟೇ ಹೇಳುವುದು. ಸತ್ತರು ಎಂಬ ಮಾತು ಆಡುವುದಿಲ್ಲ. ಆ ದುಪ್ಪಟಿಯನ್ನು ಅಜ್ಜಿ ಗುಡ್ಡದ ಮೇಲಿನ ತನ್ನ ಹಳ್ಳಿಯಲ್ಲಿ ತನ್ನ ಮದುವೆಗೆಂದು ತಾನೇ ನೇಯ್ದದ್ದು. ಆಗ ಮಗ್ಗ ಮನೆಯೊಳಗಿತ್ತು. ಉಗಿಮಗ್ಗ ಬಂದ ಮೇಲೆ ಕೈಮಗ್ಗ ಒಲೆಗೆ ಸೌದೆಯಾಯಿತು, ಅಜ್ಜಿ ಮಗನ ಹಿಂದೆ ಈ ಊರಿಗೆ ಬಂದಳು, ದುಪ್ಪಟಿ ಕಂಕುಳಲ್ಲಿ ಬಂತು. ವಠಾರದಲ್ಲಿ ಎಲ್ಲರೂ ಗೋಣಿಯ ಮೇಲೆ ಮಲಗುವವರು. ಬಿಳಿ ಬಟ್ಟೆ ಅಂತ ಇದ್ದದ್ದು ಅದೊಂದೇ. ಯಾರು ತೀರಿಕೊಂಡರೂ ಪೆಟ್ಟಿಗೆ ಬರುವ ತನಕ ಹಲಗೆಯ ಮೇಲೆ ಮಲಗಿಸಿ ಅದನ್ನು ಹೊದಿಸುತ್ತಿದ್ದರು. ನೆರೆಯವರು ಬಂದು ನೋಡಿ ಹೋಗುತ್ತಿದ್ದರು. ಮಣ್ಣಾದ ಮೇಲೆ ದುಪ್ಪಟಿ ಅಜ್ಜಿಗೆ ವಾಪಸು. "ಬದುಕಿದ್ದಾಗ ಹೆಂಗಾದ್ರೂ ಇರ್ಲಿ, ದೇವರ ಮುಂದೆ ಹೋಗೋವಾಗ ಬಿಳೀದು ಹೊದ್ದು ಹೋಗ್ಬೇಕು" ಎಂಬುದು ಅಜ್ಜಿಯ ಮಾತು.

ಅಜ್ಜಿ ಎದ್ದಳು. ಒಲೆಯ ಪಕ್ಕದ ಮೂಲೆಯಲ್ಲಿ ಅವಳೂ ಮೊಮ್ಮಗಳೂ ಮಲಗುವ ಹುಲ್ಲಿನ ಹಾಸಿಗೆಯಿತ್ತು. ಸಲೀನಾಳ ದಿಂಬು ಎತ್ತಿ, ಅದರ ಕೆಳಗಿಂದ ನಾಲ್ಕು ಮಡಿಕೆಯ ದುಪ್ಪಟಿಯನ್ನು ಎಳೆದಳು.

ಕೆಜಾಯ ಬಟ್ಟಲು ಕೆಳಗಿಟ್ಟಳು. "ಅದು ಅಲ್ಲಿತ್ತಾ?"

"ಇನ್ನೆಲ್ಲಿಡ್ಲಿ ತಾಯಿ? ತೊಲೆಗೆ ಹಾಕಿದ್ರೆ ಮಸಿ. ಗೋಡೆ ಕಡೆಗಿಟ್ರೆ ತೇವ. ಹುಡುಗಿ ದಿಂಬಿನ ಕೆಳಗೆ ಬೆಚ್ಚಗಿರುತ್ತೆ, ಮಡಿಕೇನೂ ಕೆಡಲ್ಲ."

"ಹೆಣದ ಬಟ್ಟೆ! ನನ್ನ ಮಗಳ ತಲೆ ಕೆಳಗೆ!"

"ಒಗೆದ ಬಟ್ಟೆ ಕಣೇ."

"ಒಗೆದದ್ದಾ? ಒಂದು ಬಕೆಟ್ ತಣ್ಣೀರಲ್ಲಿ ಅದ್ದಿ ಹಿಂಡಿದ್ದಕ್ಕೆ ಒಗೆದದ್ದು ಅಂತೀರಾ ಅತ್ತೆ? ಕುದಿಸಿದ್ದು ಯಾವಾಗ?"

"ಕುದಿಸೋಕೆ ಬೆಂಕಿ ಬೇಡ್ವಾ? ನನ್ನ ಮಗ ದಿನವೆಲ್ಲ ಗುಡ್ಡದಷ್ಟು ಇದ್ದಲು ಸುರೀತಾನೆ, ಮನೆ ಒಲೆಗೆ ಒಂದು ಹಿಡಿ ಇಲ್ಲ."

"ತಂದ್ರೆ ಕಳ್ಳತನ ಅಂತ ಜೈಲಿಗೆ ಹಾಕ್ತಾರವ್ವ" ಎಂದ ಈನಕ್, ಗಂಜಿಯಿಂದ ಮುಖವೆತ್ತದೆ. "ಅಲ್ಲಿ ಬೆಚ್ಚಗಿರುತ್ತೋ ಏನೋ."

ಹನೋರಾ ಬಾಗಿಲಲ್ಲೇ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಡಾರ್ಕಸ್ ದುಪ್ಪಟಿಯನ್ನು ಅವಳ ಕೈಯಲ್ಲಿಟ್ಟು, "ನಮ್ಮೂರಲ್ಲಿ ಬೂದಿನೀರಲ್ಲಿ ಕುದಿಸಿ, ಮಂಜು ಬೀಳೋ ಹುಲ್ಲಿನ ಮೇಲೆ ಹರವ್ತಿದ್ವಿ ತಾಯಿ. ಬಿಸಿಲೇ ನೆಕ್ಕಿ ಬೆಳ್ಳಗೆ ಮಾಡ್ತಿತ್ತು. ಇಲ್ಲಿ ಹುಲ್ಲೆಲ್ಲಿದೆ ಹೇಳು?" ಎಂದಳು.

"ನಮ್ಮೂರಲ್ಲೂ ಹಂಗೇ ಅಜ್ಜಿ" ಎಂದಳು ಹನೋರಾ. ಅವಳು ದುಪ್ಪಟಿಯನ್ನು ಶಾಲಿನೊಳಗೆ ಮುಚ್ಚಿಕೊಂಡು ಹೊಗೆಯೊಳಗೆ ಇಳಿದುಹೋದಳು. ಗಂಟೆ ಹೊಡೆಯಿತು. ಗಂಜಿ ಅರ್ಧಕ್ಕೇ ನಿಂತಿತು.

ಸಂಜೆ ಎಲ್ಲರೂ ಬ್ರೈಡಿಯನ್ನು ನೋಡಿಬಂದೆವು. ಐರಿಷ್‌ನವರೆಂದು ಮೂಗು ಮುರಿಯುತ್ತಿದ್ದ ನೆರೆಮನೆಯ ಮಾರ್ಥಾ ಪಿಲ್ಲಿಂಗ್ ಕೂಡ ಬಂದು ನಿಂತಳು. ಮೇಣದಬತ್ತಿಯ ಬೆಳಕಲ್ಲಿ ಆ ಮಗುವಿನ ಮುಖ ಬಿಳಿಯ ನಡುವೆ ಪುಟ್ಟದಾಗಿ ಕಾಣುತ್ತಿತ್ತು. ಹನೋರಾ ಜಪಮಣಿ ಹಿಡಿದು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಕೆಜಾಯ ಮಾತ್ರ ಮುಖವನ್ನು ನೋಡಲಿಲ್ಲ. ದುಪ್ಪಟಿಯಿಂದ ಹೊರಗಿದ್ದ ಒಂದು ಮುಂಗೈಯನ್ನು ನೋಡಿದಳು. ಅದರ ಮೇಲೆ ಹಿಪ್ಪುನೇರಳೆ ಹಣ್ಣಿನ ಬಣ್ಣದ ಚುಕ್ಕೆಗಳಿದ್ದವು, ಆ ವರ್ಷದ ಜ್ವರದ ಗುರುತು.

ಅಂದಿನಿಂದ ಅವಳಿಗೆ ಒಂದು ಚಾಳಿ ಹತ್ತಿತು. ಗಿರಣಿಯಿಂದ ಬಂದವಳೇ ಮಗಳ ತೋಳಿನ ಬಟ್ಟೆ ಮೇಲೆ ಸರಿಸುವಳು, ದೀಪದ ಹತ್ತಿರ ಹಿಡಿದು ತಿರುಗಿಸಿ ನೋಡುವಳು.

"ಬಿಡಮ್ಮ, ಆಲೂಗಡ್ಡೆ ತಣ್ಣಗಾಗುತ್ತೆ."

"ತಲೆನೋವು ಇದೆಯಾ?"

"ಇಲ್ಲ."

"ಚಳಿ?"

"ಎಲ್ಲರಿಗೂ ಇರೋ ಚಳಿ ನನಗೂ ಇದೆ."

"ತಿನ್ನೋ ಹೊತ್ತಲ್ಲಿ ಮಗೂನ ಯಾಕೆ ಹೆದರಿಸ್ತೀಯ" ಎಂದು ಡಾರ್ಕಸ್ ಗದರುವಳು. "ದೇವರು ಕರೆದ್ರೆ ದಿಂಬಿನ ಕೆಳಗೆ ಏನಿದೆ ಅಂತ ನೋಡಿ ಕರೀತಾನಾ? ನಾನೂ ಅದೇ ಹಾಸಿಗೇಲಿ ಮಲಗ್ತೀನಿ. ನನಗೇನಾಗಿದೆ?"

"ನಿಮಗೆ ವಯಸ್ಸಾಗಿದೆ ಅತ್ತೆ, ಸಾವಿಗೂ ನಿಮ್ಮ ಮೇಲೆ ಆಸೆ ಇಲ್ಲ."

ಕೆಜಾಯ ಎದ್ದು, ಬಾಣಲೆಯಲ್ಲಿ ಉಳಿದಿದ್ದ ಹಂದಿಕೊಬ್ಬಿನ ಕೊನೆಯ ತುಣುಕನ್ನು ಅತ್ತೆಯ ತಟ್ಟೆಗೆ ಹಾಕಿದಳು. ಮುದುಕಿ ಅದನ್ನು ಎರಡು ಮಾಡಿ ಅರ್ಧ ಮೊಮ್ಮಗಳಿಗೆ ಕೊಟ್ಟಳು.

ಹನೋರಾ ಊರಾಚೆಯ ಹಳ್ಳದ ಸೊಪ್ಪು ಕಿತ್ತು ತಂದು ಬೀದಿಯಲ್ಲಿ ಮಾರುವವಳು. ಇಟ್ಟಿಗೆ ಭಟ್ಟಿಗಳನ್ನು ದಾಟಿ, ಹೊಸದಾಗಿ ಏಳುತ್ತಿದ್ದ ಮನೆಗಳ ಸಾಲನ್ನು ದಾಟಿ, ಹೊಗೆ ಮುಗಿಯುವ ತನಕ ನಡೆಯಬೇಕು. ಮಗಳನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಅವಳು ಬುಟ್ಟಿ ಹೊತ್ತು ಹೊರಟಾಗ, ಕೊಳಾಯಿಗೆ ಇನ್ನೂ ನೀರು ಬಂದಿರಲಿಲ್ಲ, ಅಂಗಳದಲ್ಲಿ ಯಾರೂ ಇರಲಿಲ್ಲ. ಕೆಜಾಯ ಕಕ್ಕಸಿನ ಗೋಡೆಯ ಹತ್ತಿರ ಅವಳನ್ನು ತಡೆದಳು.

"ಹನೋರಾ. ಆ ದುಪ್ಪಟಿ."

"ಒಣಗಿಲ್ಲಮ್ಮ. ಒಣಗಿದ ತಕ್ಷಣ ಅಜ್ಜಿಗೆ..."

"ತರಬೇಡ."

ಹನೋರಾ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

"ಸುಟ್ಟುಹಾಕು, ಕಾಲುವೆಗೆ ಎಸಿ, ಏನಾದ್ರೂ ಮಾಡು. ನಮ್ಮ ಹೊಸಿಲು ಮಾತ್ರ ದಾಟಿಸಬೇಡ. ನಿನ್ನ ಕಾಲಿಗೆ ಬೀಳ್ತೀನಿ. ನಮ್ಮ ಸಲೀನಾ ಅದರ ಮೇಲೆ ಮಲಗ್ತಾಳೆ. ನಿನ್ನ ಬ್ರೈಡಿ ಮೈಮೇಲಿದ್ದದ್ದು..."

"ನೇಯ್ದ ಬಟ್ಟೆ ಅದು. ಸುಡು ಅಂತೀಯಲ್ಲ."

"ನಮ್ಮತ್ತೆಗೆ ನಾನು ಹೇಳ್ದೆ ಅಂತ ಗೊತ್ತಾಗಬಾರದು. ಗೊತ್ತಾದ್ರೆ ಆ ಮನೇಲಿ ನನಗೆ ಅನ್ನ ಇಳಿಯಲ್ಲ."

ಹನೋರಾ ಅವಳನ್ನು ಬಹಳ ಹೊತ್ತು ನೋಡಿದಳು. ನಿನ್ನೆಯಷ್ಟೇ ಮಗಳನ್ನು ಮಣ್ಣು ಮಾಡಿದವಳು, ಮಗಳಿಗಾಗಿ ನಡುಗುವವಳನ್ನು ನೋಡುವ ನೋಟ ಅದು. "ಆಗ್ಲಿ" ಎಂದಳು. "ನೀನಾಗಿ ಕೇಳೋ ತನಕ ತರಲ್ಲ. ಯಾರಿಗೂ ಹೇಳೋದೂ ಇಲ್ಲ."

ಹೀಗೆ ಮಾತು ಮುಗಿಯಿತು. ಕೆಜಾಯ ಒಳಗೆ ಬಂದು ಗಂಜಿ ಕಲಕಿದಳು. ಅಂದು ಅವಳು ಮಗಳ ತೋಳು ನೋಡಲಿಲ್ಲ.

ದಿನಗಳು ಹೋದವು. ದುಪ್ಪಟಿ ಬರಲಿಲ್ಲ. ಮೊದಮೊದಲು ಡಾರ್ಕಸ್, "ಪಾಪ, ದುಃಖದಲ್ಲಿದಾಳೆ, ತರ್ತಾಳೆ" ಎಂದಳು. ಆಮೇಲೆ, "ನೆಲಮಾಳಿಗೇಲಿ ಬಟ್ಟೆ ಎಲ್ಲಿ ಒಣಗುತ್ತೆ" ಎಂದಳು. ಆಮೇಲೆ ಏನೂ ಅನ್ನಲಿಲ್ಲ. ಬೆಳಿಗ್ಗೆ ಒಂದು ಗಂಟೆ ಮಾತ್ರ ನೀರು ಬರುವ ಕೊಳಾಯಿಯ ಮುಂದೆ ಬಕೆಟ್ಟುಗಳ ಸಾಲಿನಲ್ಲಿ ನಿಂತು ಮಾರ್ಥಾ ಪಿಲ್ಲಿಂಗ್ ಅಜ್ಜಿಯ ಪರವಾಗಿ ಮಾತಾಡತೊಡಗಿದಳು.

"ಗಿರವಿ ಅಂಗಡೀಲಿ ಮೂರು ಚೆಂಡು ತೂಗ್ತಿರುತ್ತಲ್ಲ, ಅದರ ಕೆಳಗೆ ಹೋಗಿ ನೋಡಜ್ಜಿ. ನಿನ್ನ ದುಪ್ಪಟಿ ಅಲ್ಲಿ ಆರಾಮಾಗಿ ಮಲಗಿರುತ್ತೆ."

"ಹಂಗನ್ನಬೇಡ ಮಾರ್ಥಾ."

"ನಾನನ್ನಲ್ಲ, ಅವಳು ಸಾಕಿರೋ ಹಂದಿ ಅನ್ನುತ್ತೆ. ಅದರ ಮುಖ ನೋಡು, ನಿನ್ನೆಯಿಂದ ದಪ್ಪಗಾಗಿದೆ."

ಸಾಲಿನಲ್ಲಿ ನಗೆ ಎದ್ದಿತು. ಹನೋರಾ ಅದೇ ಸಾಲಿನ ಕೊನೆಯಲ್ಲಿ ಬಕೆಟ್ ಹಿಡಿದು ನಿಂತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ನೀರು ನಿಂತಿತು. ಹಾಗೆ ಮೊದಲೂ ಆಗಿತ್ತು. ಆದರೆ ಆ ವಾರದಿಂದ ದಿನವೂ ಯಾರಾದರೊಬ್ಬರು ಅವಳ ಮುಂದೆ ನುಗ್ಗುತ್ತಿದ್ದರು. ಕೆಜಾಯ ತುಂಬಿದ ಬಕೆಟ್ ಎತ್ತಿಕೊಂಡು ತಲೆ ತಗ್ಗಿಸಿ ಒಳಗೆ ಬಂದಳು.

ಮೂಲೆಮನೆಯ ಮುದುಕ, ಒಂದು ಕಾಲದಲ್ಲಿ ನಮ್ಮ ಮಕ್ಕಳಿಗೆಲ್ಲ ಬುಗುರಿ ಕೆತ್ತಿ ಕೊಟ್ಟವನು, ಒಂದು ಭಾನುವಾರ ಜ್ವರದಿಂದ ಹೋದ. ಅವನ ಮಗಳು ಬಂದು ಡಾರ್ಕಸಳ ಬಾಗಿಲಲ್ಲಿ ನಿಂತಳು. "ಅಜ್ಜೀ, ದುಪ್ಪಟಿ ಬೇಕಾಗಿತ್ತು."

ಡಾರ್ಕಸ್ ಎದ್ದು ನಿಂತಳು. ಮೂಲೆಯ ಹಾಸಿಗೆಯ ಕಡೆ ಎರಡು ಹೆಜ್ಜೆ ಹಾಕಿದಳು, ಅಭ್ಯಾಸಬಲ. ಅಲ್ಲೇ ನಿಂತಳು. "ಇಲ್ಲ ಮಗಳೇ" ಎಂದಳು. ಬಂದವಳು ಹೋದಳು. ಮುದುಕನನ್ನು ಹಿಟ್ಟಿನ ಗೋಣಿ ಬಿಚ್ಚಿ ಮುಚ್ಚಿದರು. ಗೋಣಿಯ ಮೇಲೆ ಹಿಟ್ಟಿನಂಗಡಿಯ ಮುದ್ರೆಯಿತ್ತು.

ಅಂದು ಮಧ್ಯಾಹ್ನ ಮುದುಕಿ ಮೊದಲ ಸಲ ದುಪ್ಪಟಿ ಕೇಳಲೆಂದು ನೆಲಮಾಳಿಗೆಯ ಮೆಟ್ಟಿಲಿಳಿದಳು. ಅಂಗಳಕ್ಕೆಲ್ಲ ಕೇಳುವಂತೆ ಕೇಳಿದಳು, "ಹನೋರಾ, ನನ್ನ ಬಟ್ಟೆ ಇದೆಯಾ, ಇಲ್ವಾ?"

"ಈಗ ತರೋಕಾಗಲ್ಲ ಅಜ್ಜಿ."

"ಯಾಕೆ?"

ಹನೋರಾ ಸೊಪ್ಪು ಕಟ್ಟುತ್ತಲೇ ಇದ್ದಳು.

"ಗಿರವಿ ಇಟ್ಟಿದ್ರೆ ಹೇಳಿಬಿಡು. ಹೊಟ್ಟೆಪಾಡು, ನಾನು ಬೈಯಲ್ಲ."

"ಇಲ್ಲ ಅಜ್ಜಿ. ಈಗ ತರೋಕಾಗಲ್ಲ. ಅಷ್ಟೇ."

ಮುದುಕಿ ಗೋಡೆ ಹಿಡಿದು ಮೇಲೆ ಬಂದಳು. ಮನೆಯಲ್ಲಿ ಈನಕ್ ಕೇಳಿದ, "ಏನಂದ್ಳು?" "ದೇವರು ನೋಡ್ಕೋತಾನೆ" ಎಂದಳು. ಆ ಮಾತನ್ನು ಅವಳು ಹಿಂದೆ ಯಾವತ್ತೂ ಅಷ್ಟು ಕಹಿಯಾಗಿ ಹೇಳಿದ್ದಿಲ್ಲ. ಕೆಜಾಯ ಆಲೂಗಡ್ಡೆ ಹೆರೆಯುತ್ತಿದ್ದಳು. ಸಿಪ್ಪೆ ದಪ್ಪ ದಪ್ಪವಾಗಿ ಬೀಳುತ್ತಿತ್ತು. "ಅರ್ಧ ಗಡ್ಡೇನ ಸಿಪ್ಪೆಗೇ ಕಳಿಸ್ತಿದೀಯಲ್ಲೇ" ಎಂದಳು ಅತ್ತೆ.

ಅದಾದ ಮೂರನೆಯ ಸಂಜೆ ಸಲೀನಾ ಗಿರಣಿಯಿಂದ ಬಂದವಳು ಊಟಕ್ಕೆ ಕೂರಲಿಲ್ಲ. ಬೆಂಚಿನ ಮೇಲೆ ಹಣೆಯಿಟ್ಟಳು.

"ತಲೆನೋವಾ?" ಎಂದಳು ಕೆಜಾಯ.

"ಸ್ವಲ್ಪ."

ಕೆಜಾಯ ತೋಳು ಸರಿಸಲಿಲ್ಲ. ಸರಿಸಿ ನೋಡುವ ಧೈರ್ಯ ಅವಳಿಗಿರಲಿಲ್ಲ. ಈನಕ್ ಸರಿಸಿದ. ಇದ್ದಲಿನ ಕಪ್ಪು ಬೆರಳುಗಳಲ್ಲಿ ಮಗಳ ಮುಂಗೈ ಹಿಡಿದು, ಒಲೆಯ ಬೆಳಕಿಗೆ ತಿರುಗಿಸಿದ. "ಏನೂ ಇಲ್ಲ" ಎಂದ. ಎರಡು ದಿನ ಕಳೆದು ನೋಡಿದಾಗ ಚುಕ್ಕೆಗಳಿದ್ದವು.

"ದುಪ್ಪಟಿ ಇಲ್ಲವಲ್ಲ!" ಎಂದು ಕೆಜಾಯ ಕಿರುಚಿದಳು. "ಅದು ಮನೇಲೇ ಇಲ್ಲವಲ್ಲ, ಮತ್ತೆ ಹೆಂಗೆ ಬಂತು?"

"ಅವಳೂ ಬ್ರೈಡೀನೂ ಅಕ್ಕಪಕ್ಕ ನಿಂತು ಒಂದೇ ಗಾಳಿ ಕುಡಿದೋರು" ಎಂದ ಈನಕ್. "ಆ ಕೋಣೇಲಿ ಆಗಲೇ ನಾಲ್ಕು ಯಂತ್ರಕ್ಕೆ ಜನ ಇಲ್ಲ."

"ಮೊದಲೇ ಬಂದಿರಬೇಕು. ಮೊದಲೇ, ಆ ದಿಂಬಿನಿಂದ..."

"ಸಾಕು ಮಾಡು" ಎಂದಳು ಡಾರ್ಕಸ್. "ಕತ್ತರಿ ಕೊಡು ಇಲ್ಲಿ. ಕೂದಲು ತೆಗೀಬೇಕು, ತಲೆ ತಣ್ಣಗಾಗಲಿ. ಈನಕ್, ನೀರು ತಾ. ಬಾಯಿಗೆ ಬೀಗ ಹಾಕ್ಕೊಳ್ಳಿ ಎಲ್ಲರೂ. ಹೊರಗೆ ಒಂದು ಮಾತು ಹೋದ್ರೆ ಗಾಡಿ ಬರುತ್ತೆ."

ಗಾಡಿಯ ಹೆಸರೆತ್ತಿದರೆ ವಠಾರದ ಮಕ್ಕಳು ಅಳು ನಿಲ್ಲಿಸುತ್ತಿದ್ದವು. ಜ್ವರದ ಆಸ್ಪತ್ರೆಯ ಗಾಡಿ ಅದು. ಆ ವರ್ಷ ಅದರಲ್ಲಿ ನಮ್ಮ ವಠಾರದಿಂದ ಹೋದ ಯಾರೂ ಕಾಲಮೇಲೆ ಬರಲಿಲ್ಲ. ಹೋದ ಮೇಲೆ ಮನೆಗೆ ಸುಣ್ಣ ಬಳಿಯುವವರು ಬರುವರು, ಹಾಸಿಗೆ ಸುಡುವರು. ಗಿರಣಿಗೆ ಸುದ್ದಿ ಹೋಗಿ, ಮನೆಯ ಉಳಿದವರನ್ನೂ ಗೇಟಿನ ಹೊರಗೇ ನಿಲ್ಲಿಸುವರು. ಆದ್ದರಿಂದ ಈನಕ್ ಮತ್ತು ಕೆಜಾಯ ಎಂದಿನಂತೆ ಗಂಟೆಗೆ ಸರಿಯಾಗಿ ಕೆಲಸಕ್ಕೆ ಹೋದರು. ಹುಡುಗಿಯ ಕಾಲು ಉಳುಕಿದೆ ಎಂದು ಮೇಸ್ತ್ರಿಗೆ ಹೇಳಿದರು. ಡಾರ್ಕಸ್ ಹಗಲೆಲ್ಲ ಮೊಮ್ಮಗಳ ಪಕ್ಕ ಕೂತಳು. ಗೋಡೆಯ ಈಚೆಗೆ ನಮಗೆ ಸಲೀನಾಳ ಬಡಬಡಿಕೆ ಕೇಳುತ್ತಿತ್ತು. ಬ್ರೈಡಿಯನ್ನು ಕರೆಯುತ್ತಿದ್ದಳು, ಯಂತ್ರ ನಿಲ್ಲಿಸು ಎನ್ನುತ್ತಿದ್ದಳು. ಅವಳ ದನಿ ಏರಿದಾಗಲೆಲ್ಲ ಮುದುಕಿ ತಾನೂ ದನಿಯೆತ್ತಿ ಮೆಥಡಿಸ್ಟರ ಕೀರ್ತನೆ ಹಾಡುವಳು. ಕೇಳಿದವರು ಅಜ್ಜಿಗೆ ಭಕ್ತಿ ಹೆಚ್ಚಾಯಿತು ಎಂದುಕೊಳ್ಳಲಿ ಎಂದು. ನಾವೂ ಹಾಗೇ ಅಂದುಕೊಂಡೆವು ಎಂದು ತೋರಿಸಿಕೊಂಡೆವು.

ಮಧ್ಯಾಹ್ನದ ಊಟದ ಬಿಡುವಿಗೆ ಕೆಜಾಯ ಓಡುತ್ತ ಮನೆಗೆ ಬರುತ್ತಿದ್ದಳು. ಅಂಥ ಒಂದು ಮಧ್ಯಾಹ್ನ, ಅವಳು ಶಾಲು ತೆಗೆಯುವ ಮುಂಚೆಯೇ ಅಂಗಳದಲ್ಲಿ ಬೂಟಿನ ಸದ್ದಾಯಿತು. ಜ್ವರದವರನ್ನು ಹುಡುಕುವ ಅಧಿಕಾರಿ ಮನೆಮನೆ ಬಾಗಿಲು ಬಡಿಯುತ್ತ ಬರುತ್ತಿದ್ದ. ಮಾರ್ಥಾಳ ಮನೆ. ಅದರಾಚೆಯ ಮನೆ.

"ಅತ್ತೆ, ಬಂದ! ಏನ್ಮಾಡ್ಲಿ? ಮೇಲಕ್ಕೆ ಹೊತ್ಕೊಂಡು ಹೋಗೋದಾ?"

"ಮೆಟ್ಟಿಲಲ್ಲಿ ಬಿದ್ದು ಸಾಯ್ತಾಳೆ. ಎತ್ತು, ಕೂರಿಸು." ಮುದುಕಿ ಸಲೀನಾಳ ಬೋಳುತಲೆಗೆ ತನ್ನ ಟೋಪಿ ಹಾಕಿ ಗಲ್ಲದ ಕೆಳಗೆ ಬಿಗಿದಳು. ಶಾಲು ಸುತ್ತಿ ಒಲೆಯ ಪಕ್ಕದ ಸ್ಟೂಲಿನ ಮೇಲೆ, ಗೋಡೆಗೆ ಒರಗಿಸಿ ಕೂರಿಸಿದಳು. ಒಂದು ಕೈಗೆ ಆಲೂಗಡ್ಡೆ ಕೊಟ್ಟಳು, ಇನ್ನೊಂದಕ್ಕೆ ಚಾಕು. "ಮಗಾ, ಹೆರೆ. ಅಜ್ಜಿ ಹೇಳ್ತಿದೀನಿ. ಒಂದೇ ಒಂದು ಗಡ್ಡೆ."

ಸಲೀನಾ ಎಲ್ಲೋ ನೋಡುತ್ತ ತಲೆಯಾಡಿಸಿದಳು. ಬಾಗಿಲು ಬಡಿದ ಸದ್ದಾಯಿತು.

"ಇಲ್ಲಿ ಜ್ವರ ಯಾರಿಗಾದ್ರೂ ಇದೆಯಾ?" ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದಿದ್ದ, ಒಳಗೆ ಬರಲಿಲ್ಲ, ಇಣುಕಿದ.

ಡಾರ್ಕಸ್ ಅರವತ್ತು ವರ್ಷ ಸುಳ್ಳಾಡದ ಹೆಂಗಸು. "ನಾವು ಮೂವರು ಹೆಂಗಸರು, ಸ್ವಾಮಿ" ಎಂದಳು. "ಸೊಸೆ ಊಟಕ್ಕೆ ಬಂದಿದಾಳೆ. ಮೊಮ್ಮಗಳು ಆಲೂಗಡ್ಡೆ ಹೆರೀತಿದಾಳೆ. ನಾನು ಸುಮ್ನೆ ಕೂತಿದೀನಿ, ದೇವರ ದಯೆ."

ಅವನು ಸ್ಟೂಲಿನ ಕಡೆ ನೋಡಿದ. ಸಲೀನಾಳ ಚಾಕು ಗಡ್ಡೆಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು, ಸಿಪ್ಪೆ ಬೀಳುತ್ತಿರಲಿಲ್ಲ. ಕೆಜಾಯ ಮಗಳ ಮುಂದೆ ಬಂದು ನಿಂತು ಒಲೆಯ ಬೂದಿ ಕೆದಕಿದಳು. ಹೊಗೆ ಎದ್ದಿತು. ಅವನು ಕೆಮ್ಮಿದ. "ಕೆಲಸಕ್ಕೆ ಯಾಕೆ ಹೋಗಿಲ್ಲ ಹುಡುಗಿ?"

ಆಗ ಅಂಗಳದಿಂದ ಒಂದು ದನಿ ಬಂತು. "ಸಾಹೇಬ್ರೇ, ನೆಲಮಾಳಿಗೆ ನೋಡೋದಾದ್ರೆ ಈಗಲೇ ನೋಡಿ. ನಾನು ಸೊಪ್ಪು ಮಾರೋಕೆ ಹೋಗ್ಬೇಕು. ನನ್ನ ಮಗಳು ಸತ್ತಿದ್ದು ಅಲ್ಲೇ." ಹನೋರಾ. ಅಧಿಕಾರಿ ತಿರುಗಿದ. ಬೂಟುಗಳು ಅತ್ತ ನಡೆದವು.

ಗಡ್ಡೆ ಸಲೀನಾಳ ಕೈಯಿಂದ ಉರುಳಿ ನೆಲದ ಮೇಲೆ ಬಾಗಿಲ ತನಕ ಹೋಯಿತು. ಅಂದು ಸಂಜೆಯ ಹೊತ್ತಿಗೆ ಸುಣ್ಣದವರು ಬಂದು ಹನೋರಾಳ ಗೋಡೆ ಬಳಿದರು, ಅವಳ ಹುಲ್ಲುಹಾಸಿಗೆಯನ್ನು ಅಂಗಳದ ನಡುವೆ ಸುಟ್ಟರು. ಮಾರ್ಥಾ ಬಾಗಿಲಲ್ಲಿ ನಿಂತು ನೋಡಿ, "ದೇವರ ಕೋಲಿಗೆ ಸದ್ದಿಲ್ಲ" ಎಂದಳು. ಕೆಜಾಯ ಆ ಬೆಂಕಿಯನ್ನೇ ದಿಟ್ಟಿಸುತ್ತಿದ್ದಳು. ಅದರಲ್ಲಿ ಬಿಳಿಯದೇನಾದರೂ ಉರಿಯುತ್ತಿದೆಯೋ ಎಂದು ನೋಡಿದಳೋ ಏನೋ.

ದೇವರು ಕೊಟ್ಟ. ಬೆವರೊಡೆದು ಜ್ವರ ಇಳಿಯಿತು. ಒಂದು ಬೆಳಿಗ್ಗೆ ಸಲೀನಾ ಕಣ್ಣು ಬಿಟ್ಟು, "ಹಸಿವು" ಎಂದಳು. ಈನಕ್ ಆ ಒಂದು ಮಾತು ಕೇಳಿ ಕೆಲಸಕ್ಕೆ ಹೋಗುವ ದಾರಿಯುದ್ದಕ್ಕೂ ಅತ್ತನಂತೆ. ಕೇಳಿದವರಿಗೆ ಇದ್ದಲು ಧೂಳು ಎಂದನಂತೆ. ಕೆಜಾಯ ಹಾಲು ತಂದು ಗಂಜಿಗೆ ಹಾಕಿದಳು. ಹೊಟ್ಟೆ ತುಂಬಿದ ಮೇಲೆ ಹುಡುಗಿ ತನ್ನ ತಲೆ ಸವರಿಕೊಂಡು, "ನನ್ನ ಕೂದಲೆಲ್ಲಿ?" ಎಂದಳು.

"ಒಲೆಗೆ" ಎಂದಳು ಡಾರ್ಕಸ್. "ಒಂದು ಹೊತ್ತಿನ ಚಾ ಕಾಯ್ತು ನೋಡು." ನಗುತ್ತ ನಗುತ್ತ ಅವಳು ಗೋಡೆ ಹಿಡಿದುಕೊಂಡಳು. ಕೆಜಾಯ ಅವಳ ಕೈ ಹಿಡಿದಳು. ಕೈ ಸುಡುತ್ತಿತ್ತು.

ಮುದುಕಿ ಹೆಚ್ಚು ದಿನ ತೆಗೆದುಕೊಳ್ಳಲಿಲ್ಲ. ಅವಳಿಗೆ ಕೀರ್ತನೆ ಹಾಡಿ ಮುಚ್ಚುವಷ್ಟು ಬಡಬಡಿಕೆಯೂ ಇರಲಿಲ್ಲ. ಕೆಜಾಯ ಮಗ್ಗ ಬಿಟ್ಟು ಮನೆಯಲ್ಲೇ ಉಳಿದಳು. ಹೋದರೆ ಹೋಗಲಿ ಮಗ್ಗ ಎಂದಳು. ಹಸಿ ಬಟ್ಟೆ ಹಣೆಗೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಅವಳು ತಂದಳಾ?" ಎಂದು ಮುದುಕಿ ಕೇಳಿದಳು.

"ಯಾರು ಅತ್ತೆ?"

"ಹನೋರಾ. ನನಗೆ ಬೇಕಾಗುತ್ತಲ್ಲ ಈಗ. ಊರಿಗೆಲ್ಲ ಹೊದಿಸಿ ನಾನು ಗೋಣೀಲಿ ಹೋಗೋ ಹಾಗಾಯ್ತು." ಒಣಗಿದ ತುಟಿ ಸವರಿಕೊಂಡು, "ಅವಳ ಮೇಲೆ ಕೋಪ ಇಟ್ಕೊಂಡು ಸಾಯೋಕೆ ಭಯ ಆಗುತ್ತೆ ಕಣೇ. ಕ್ಷಮಿಸ್ದೆ ಅಂತ ಬಾಯಲ್ಲಿ ಹೇಳ್ತೀನಿ, ಎದೆ ಒಪ್ಪಲ್ಲ" ಎಂದಳು.

ಕೆಜಾಯಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ತರಬೇಡ ಅಂದೋಳು ನಾನು" ಎಂದಳು. "ಸುಟ್ಟುಬಿಡು ಅಂದೆ. ಯಾರಿಗೂ ಹೇಳಬೇಡ ಅಂದೆ. ಅವಳು ಹೇಳಲಿಲ್ಲ."

ಒಲೆಯ ಪಕ್ಕ ಸಲೀನಾ ತಿನ್ನುವುದನ್ನು ನಿಲ್ಲಿಸಿದಳು. ಬೈಗುಳಕ್ಕೆ ಕಾಯುತ್ತಿದ್ದ ಕೆಜಾಯಳಿಗೆ ಅತ್ತೆಯಿಂದ ಬಂದದ್ದು ಒಂದು ದೀರ್ಘ ಉಸಿರು, ಹೊರೆ ಇಳಿಸಿದವರ ಉಸಿರು.

"ಹಂಗಾದ್ರೆ ಕಳ್ಳಿ ಅಲ್ಲ ಅವಳು."

"ಅಲ್ಲ ಅತ್ತೆ."

"ದೇವರು ದೊಡ್ಡೋನು." ಆಮೇಲೆ ಕಣ್ಣು ಮುಚ್ಚಿಕೊಂಡೇ, "ನನಗೆ ಹೇಳಿದ್ರೆ ಏನು ಬಂತು? ನಾನು ಹೋಗೋಳು. ಕೊಳಾಯಿ ಹತ್ರ ಹೇಳು" ಎಂದಳು.

ಮಾರನೆಯ ಬೆಳಿಗ್ಗೆ, ನೀರು ಬರುವ ಹೊತ್ತಿಗೆ ಸರಿಯಾಗಿ, ಮುದುಕಿ ತೀರಿಕೊಂಡಳು.

ಈನಕ್ ಅವಳನ್ನು ಮಲಗಿಸಲು ಬಾಗಿಲ ಹಲಗೆ ಕಳಚುತ್ತಿದ್ದ. ಕೆಜಾಯ ತಲೆಗೆ ಶಾಲು ಕೂಡ ಹಾಕದೆ ಹೊರಗೆ ಬಂದಳು. ಹೆಂಗಸರೆಲ್ಲ ಸಾಲಿನಲ್ಲಿದ್ದರು. ಅವಳ ಮುಖ ನೋಡಿ ಎಲ್ಲರಿಗೂ ತಿಳಿಯಿತು. ಮಾರ್ಥಾ ಕಣ್ಣೊರೆಸಿಕೊಂಡಳು. ಆಮೇಲೆ ಸಾಲಿನ ತುದಿಯ ಕಡೆ ಕತ್ತು ತಿರುಗಿಸಿ, "ಊರಿಗೆಲ್ಲ ಕೊಟ್ಟೋಳಿಗೇ ಇವತ್ತು ಇಲ್ಲ. ನುಂಗಿದೋಳು ನೋಡಿ ಹೆಂಗೆ ನಿಂತಿದಾಳೆ, ಬಕೆಟ್ ಹಿಡ್ಕೊಂಡು" ಎಂದಳು.

"ಬಾಯಿ ಮುಚ್ಚು ಮಾರ್ಥಕ್ಕ" ಎಂದಳು ಕೆಜಾಯ. "ಅವಳು ನುಂಗಲಿಲ್ಲ. ತರಬೇಡ ಅಂತ ಕಾಲಿಗೆ ಬಿದ್ದೋಳು ನಾನು. ನಮ್ಮ ಸಲೀನಾಗೆ ಜ್ವರ ಬರುತ್ತೆ ಅಂತ ಹೆದರಿ. ಅವಳು ಇಷ್ಟು ದಿನ ನಿಮ್ಮ ಮಾತು ತಿಂದಳು, ನೀರಿಲ್ಲದೆ ಹೋದಳು, ನನಗೋಸ್ಕರ. ಗಾಡಿ ನಮ್ಮ ಬಾಗಿಲಿಗೆ ಬರೋದಿತ್ತು. ಅವಳು ಆ ಸಾಹೇಬನನ್ನ ತನ್ನ ಬಾಗಿಲಿಗೆ ಕರೆದಳು."

ಮಾರ್ಥಾಳ ಬಕೆಟ್ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಅದನ್ನು ಸರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕೆಜಾಯ ಸಾಲಿನ ಉದ್ದಕ್ಕೂ ನಡೆದು ತುದಿಗೆ ಬಂದಳು. ಏನು ಕೇಳಬೇಕೆಂದು ಹೊರಟಿದ್ದಳೋ, ಅದು ಬೂದಿಯಾಗಿರಬಹುದು ಎಂಬುದೂ ಅವಳಿಗೆ ಗೊತ್ತಿತ್ತು.

"ಹನೋರಾ" ಎಂದಳು. "ದುಪ್ಪಟಿ ಬೇಕಾಗಿತ್ತು."

ಹನೋರಾ ಬಕೆಟ್ ಕೆಳಗಿಟ್ಟು ನೆಲಮಾಳಿಗೆಗೆ ಇಳಿದಳು. ಮೇಲೆ ಬರುವಾಗ ಸೊಪ್ಪಿನ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ದಿನವೂ ಹೊಗೆಯಾಚೆ ಹೊತ್ತೊಯ್ದು ದಿನವೂ ಹೊತ್ತು ತಂದ ಬುಟ್ಟಿ. ಮೇಲಿನ ಎಲೆಗಳನ್ನು ಸರಿಸಿದಳು. ಕೆಳಗೆ ನಾಲ್ಕು ಮಡಿಕೆಯಾಗಿ ದುಪ್ಪಟಿ ಇತ್ತು. ನಮ್ಮ ಅಂಗಳದಲ್ಲಿ ಅಂಥ ಬಿಳಿ ಯಾರೂ ಕಂಡಿರಲಿಲ್ಲ. ಅಜ್ಜಿಯ ಮದುವೆಯ ದಿನ ಹಾಗಿದ್ದಿರಬೇಕು. ಮಡಿಕೆಯ ಸಂದಿಯಲ್ಲಿ ಹಸಿರು ಹುಲ್ಲಿನ ಎಸಳೊಂದು ಅಂಟಿಕೊಂಡಿತ್ತು.

ಕೆಜಾಯಳ ಕೈ ಮುಂದೆ ಬಂದು ನಡುವೆ ನಿಂತಿತು. ಹಿಂದೆ ಬಾಗಿಲಲ್ಲಿ, ಬೋಳುತಲೆಯ ಸಲೀನಾ ಅಪ್ಪನ ತೋಳು ಹಿಡಿದು ನಿಂತಿದ್ದಳು.

"ಕುದಿಸಿದೀನಿ" ಎಂದಳು ಹನೋರಾ, ಮೆಲ್ಲಗೆ.

ಕೆಜಾಯ ಎರಡೂ ಕೈ ಚಾಚಿದಳು. ಹನೋರಾ ಹುಲ್ಲಿನ ಎಸಳನ್ನು ತೆಗೆಯದೆ, ದುಪ್ಪಟಿಯನ್ನು ಅವಳ ಕೈಗಳ ಮೇಲಿಟ್ಟಳು.